ಮೂರೋ ನಾಲ್ಕೋ? ಕೆಳದವಡೆ ಹಲ್ಲಿನ ಬೇರಿನೊಳಗಿನ ಲೆಕ್ಕ

"ನರ ತೆಗೆಸಿದೆ" ಅಂತೀವಿ. ರೂಟ್ ಕೆನಾಲ್ ಮಾಡಿಸಿಕೊಂಡು ಬಂದವರ ಬಾಯಲ್ಲಿ ಬರುವ ಮಾತೇ ಇದು. ಕೇಳಿದರೆ ಬೇರಿನೊಳಗೆ ಒಂದು ದಾರ ಇರುತ್ತದೆ, ಡಾಕ್ಟರು ಅದನ್ನು ಎಳೆದು ಹಾಕುತ್ತಾರೆ, ಖಾಲಿಯಾದ ತೂತಿಗೆ ಸಿಮೆಂಟ್ ತುಂಬಿ ಕ್ಯಾಪ್ ಹಾಕುತ್ತಾರೆ ಅನ್ನಿಸುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಎಡಗಡೆಯ ಕೆಳದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿ ನಾಲ್ಕು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಅದೇ ಹಲ್ಲಿನ ವಸಡಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ. ನೋವಿಲ್ಲ. ಒತ್ತಿದರೆ ಕೀವು. ಬೇರೆ ಊರಿನ ಇನ್ನೊಬ್ಬ ಡಾಕ್ಟರು ಎಕ್ಸ್‌ರೇಯನ್ನು ಎರಡು ಮೂರು ಸಲ ನೋಡಿ ಹೇಳಿದರು: "ಮೂರು ಕೆನಾಲ್ ಚೆನ್ನಾಗೇ ತುಂಬಿದ್ದಾರೆ ಸರ್. ನಾಲ್ಕನೆಯದನ್ನು ಯಾರೂ ಮುಟ್ಟಿಲ್ಲ." ಕೆನಾಲ್ ಅಂದರೆ ಬೇರಿನೊಳಗಿನ ಸಣ್ಣ ಕೊಳವೆ. ನರ, ರಕ್ತನಾಳ ಸೇರಿದ ಮೆತ್ತನೆಯ ತಿರುಳು ಇರುವುದು ಅದರೊಳಗೆ.

ಮೊದಲು ಬಂದದ್ದು ಕೋಪ. ಮೊದಲ ಡಾಕ್ಟರಿಗೆ ಫೋನ್ ಮಾಡಿ ಎರಡು ಮಾತು ಆಡಿಬಿಡೋಣ ಅನ್ನಿಸಿತ್ತು. ಸದ್ಯ ಮಾಡಲಿಲ್ಲ. ಆಮೇಲೆ ಓದುತ್ತಾ ಹೋದಾಗ, "ಈ ಹಲ್ಲಿನಲ್ಲಿ ಎಷ್ಟು ಕೆನಾಲ್ ಇರುತ್ತವೆ?" ಅನ್ನುವ ಪ್ರಶ್ನೆಗೆ ದಂತವೈದ್ಯ ಲೋಕವೇ ನೂರು ವರ್ಷದಿಂದ ಉತ್ತರ ಬದಲಿಸುತ್ತಾ ಬಂದಿದೆ ಅಂತ ಗೊತ್ತಾಯಿತು.

ಈ ಹಲ್ಲಿನ ಪರಿಚಯ ಮೊದಲು. ಇದು ಕೆಳಗಿನ ಮೊದಲನೇ ದವಡೆ ಹಲ್ಲು. ಡಾಕ್ಟರುಗಳ ಲೆಕ್ಕದಲ್ಲಿ ಎಡಗಡೆಯದು 36, ಬಲಗಡೆಯದು 46. ಆರೇಳು ವರ್ಷಕ್ಕೆ ಹಾಲು ಹಲ್ಲುಗಳ ಹಿಂದೆ ಸದ್ದಿಲ್ಲದೆ ಬರುತ್ತದೆ. ಯಾವ ಹಲ್ಲೂ ಬಿದ್ದು ಜಾಗ ಕೊಡಬೇಕಿಲ್ಲ. ಹಾಗಾಗಿ ಇದನ್ನೂ ಹಾಲು ಹಲ್ಲು ಅಂದುಕೊಳ್ಳುವ ಅಪ್ಪ ಅಮ್ಮಂದಿರು ಜಾಸ್ತಿ. "ಹೇಗೂ ಬಿದ್ದು ಹೋಗುತ್ತಲ್ಲ" ಅಂತ ಹುಳುಕನ್ನು ಬಿಟ್ಟುಬಿಡುತ್ತಾರೆ. ಮಗುವಿನ ಬಾಯಿಗೆ ಬರುವ ಮೊದಲ ಕಾಯಂ ಹಲ್ಲುಗಳಲ್ಲಿ ಇದೂ ಒಂದು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಜಾಸ್ತಿ ವರ್ಷ ಅಗಿಯುತ್ತದೆ. ಹುಳುಕು ಹಿಡಿಯುವುದೂ, ರೂಟ್ ಕೆನಾಲ್ ಕುರ್ಚಿಗೆ ಬರುವುದೂ ಇದೇ ಜಾಸ್ತಿ.

ಪುಸ್ತಕದ ಚಿತ್ರ ಸರಳವಾಗಿದೆ. ಎರಡು ಬೇರು. ಮುಂದಿನ ಬೇರಿನಲ್ಲಿ ಎರಡು ಕೆನಾಲ್, ಒಂದು ಕೆನ್ನೆ ಕಡೆ, ಒಂದು ನಾಲಿಗೆ ಕಡೆ. ಹಿಂದಿನ ಬೇರಿನಲ್ಲಿ ಒಂದು ದೊಡ್ಡ ಕೆನಾಲ್. ಒಟ್ಟು ಮೂರು. 1971ರಲ್ಲಿ ಸ್ಕಿಡ್‌ಮೋರ್ ಮತ್ತು ಬ್ಯೋರ್ನ್‌ಡಾಲ್ ಎಂಬ ಇಬ್ಬರು ಇಂಥ 45 ಹಲ್ಲುಗಳ ಒಳಗನ್ನು ಪರೀಕ್ಷಿಸಿದರು. 29 ಹಲ್ಲುಗಳಲ್ಲಿ ಮೂರು ಕೆನಾಲ್ ಇದ್ದವು. ಮೂರು ಹಲ್ಲುಗಳಲ್ಲಿ ಎರಡೇ. ಉಳಿದ 13ರಲ್ಲಿ ನಾಲ್ಕು, ಅಂದರೆ ಶೇಕಡಾ 29ರಷ್ಟು. ಹಿಂದಿನ ಬೇರಿನಲ್ಲಿ ಒಂದರ ಬದಲು ಎರಡು ಇದ್ದವು. ನೂರಕ್ಕೆ ಮೂವತ್ತರ ಹತ್ತಿರ ಬರುವುದನ್ನು ಅಪರೂಪ ಅನ್ನಲು ಆಗುತ್ತದಾ? ನನ್ನ ಹಲ್ಲು ಆ ಗುಂಪಿಗೆ ಸೇರಿದ್ದು.

ಆದರೆ ಈ ಎಣಿಕೆಯಲ್ಲೇ ಒಂದು ತೊಡಕಿದೆ. ಕೆನಾಲ್ ಅಂದರೆ ನಾಲೆ. ಮಂಡ್ಯದ ಕಡೆಯವರಿಗೆ ನಾಲೆ ಎಷ್ಟಿವೆ ಅಂತ ಕೇಳಿದರೆ, ದೊಡ್ಡ ನಾಲೆ ಮಾತ್ರ ಎಣಿಸಬೇಕಾ, ತೂಬಿನಿಂದ ಇಳಿಯುವ ಕಾಲುವೆಗಳನ್ನೂ ಸೇರಿಸಬೇಕಾ ಅಂತ ಅವರೇ ತಿರುಗಿ ಕೇಳುತ್ತಾರೆ. ಹಲ್ಲಿನೊಳಗೂ ಹಾಗೇ. ಮುಖ್ಯ ಕೆನಾಲುಗಳ ನಡುವೆ ಕಿರಿದಾದ ಸಂದುಗಳಿವೆ. ಪಕ್ಕಕ್ಕೆ ಒಡೆದುಕೊಳ್ಳುವ ಕವಲುಗಳಿವೆ. ಬೇರಿನ ತುದಿಯಲ್ಲಿ ನದಿ ಸಮುದ್ರ ಸೇರುವ ಕಡೆ ಹರಡಿಕೊಂಡ ಹಾಗೆ ಸಣ್ಣ ಸಣ್ಣ ಬಾಯಿಗಳಿವೆ. ಎರಡಾಗಿ ಹೊರಟದ್ದು ಮಧ್ಯದಲ್ಲಿ ಒಂದಾಗಿ ತುದಿಯಲ್ಲಿ ಮತ್ತೆ ಎರಡಾಗುವುದೂ ಉಂಟು.

ಇದನ್ನು ಮೊದಲು ಕಣ್ಣಿಗೆ ಕಾಣುವಂತೆ ತೋರಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಮುಖ್ಯರು. ಕಿತ್ತ ಹಲ್ಲುಗಳ ಒಳಗೆ ಒತ್ತಡದಿಂದ ರಬ್ಬರ್ ತುಂಬಿ, ಅದನ್ನು ಗಟ್ಟಿ ಮಾಡಿ, ಆಮೇಲೆ ಹಲ್ಲನ್ನು ಆಮ್ಲದಲ್ಲಿ ಕರಗಿಸಿಬಿಟ್ಟರು. ಉಳಿದದ್ದು ಒಳಗಿನ ಟೊಳ್ಳಿನ ಅಚ್ಚು. 1917ರಲ್ಲಿ ಅವರು ಪ್ರಕಟಿಸಿದ ಚಿತ್ರಗಳನ್ನು ನೋಡಿದರೆ ನಾಲೆಗಿಂತ ಹೆಚ್ಚಾಗಿ ಮರದ ಬೇರಿನ ಜೊಂಪೆ ನೆನಪಾಗುತ್ತದೆ. 1984ರಲ್ಲಿ ಅಮೆರಿಕದ ಫ್ರಾಂಕ್ ವರ್ಟುಚಿ 2,400 ಹಲ್ಲುಗಳಿಗೆ ಬಣ್ಣ ತುಂಬಿ, ಹಲ್ಲನ್ನೇ ಗಾಜಿನಂತೆ ಪಾರದರ್ಶಕ ಮಾಡಿ, ಕೆನಾಲುಗಳನ್ನು ಎಂಟು ಬಗೆಯಾಗಿ ವಿಂಗಡಿಸಿದರು. ಇವತ್ತಿಗೂ ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಇದನ್ನೇ. ಆ ಎಂಟರಲ್ಲಿ ಯಾವುದಕ್ಕೂ ಹೊಂದದ ಹಲ್ಲುಗಳೂ ಸಿಗುತ್ತಲೇ ಇವೆ. ಅದಕ್ಕೇ 2017ರಲ್ಲಿ ಹ್ಯಾನಿ ಅಹ್ಮದ್ ಮತ್ತು ಅವರ ಜೊತೆಗಾರರು ಬಗೆಗಳ ಗೊಡವೆಯೇ ಬೇಡ, ಬೇರು ಎಷ್ಟು, ಕೆನಾಲ್ ಎಲ್ಲಿ ಒಡೆದು ಎಲ್ಲಿ ಸೇರುತ್ತದೆ ಎಂಬುದನ್ನು ಅಂಕಿಗಳಲ್ಲೇ ಬರೆದುಬಿಡೋಣ ಎಂಬ ಹೊಸ ಪದ್ಧತಿ ಮುಂದಿಟ್ಟರು.

ಇನ್ನೊಂದು ಕಥೆ ನನಗೆ ಇದಕ್ಕಿಂತ ಕುತೂಹಲದ್ದು. ಮುಂದಿನ ಬೇರಿನಲ್ಲಿ ಎರಡು ಕೆನಾಲ್ ಅಂದೆನಲ್ಲ, ಅವೆರಡರ ನಡುವೆ ಕೆಲವರಿಗೆ ಮೂರನೆಯದೊಂದು ಇರುತ್ತದೆ. ನಡುಕೆನಾಲ್ ಅನ್ನೋಣ. 1974ರ ಹೊತ್ತಿಗೆ ಇದು ವರದಿಯಾದಾಗ ವಿಚಿತ್ರವೆಂದೇ ಎಣಿಸಿದ್ದರು. 1981ರಲ್ಲಿ ಪೊಮೆರಾನ್ಜ್ ತಂಡ 100 ಕೆಳದವಡೆ ಹಲ್ಲುಗಳಲ್ಲಿ ಹುಡುಕಿದಾಗ 12ರಲ್ಲಿ ಸಿಕ್ಕಿತು. 2015ರಲ್ಲಿ ಬಂದ ಎರಡು ವರದಿಗಳಲ್ಲಿ, ಮೈಕ್ರೋಸ್ಕೋಪ್ ಕೆಳಗೆ ಹುಡುಕಿದಾಗ, ಒಂದರಲ್ಲಿ ಶೇಕಡಾ 20, ಇನ್ನೊಂದರಲ್ಲಿ ಶೇಕಡಾ 46!

ಮೂವತ್ತೈದು ವರ್ಷದಲ್ಲಿ ಮನುಷ್ಯರ ಹಲ್ಲು ಬದಲಾಗಿಲ್ಲ. ಬದಲಾದದ್ದು ಹುಡುಕುವ ರೀತಿ. ಶೇಕಡಾ 46 ಸಿಕ್ಕಿದ ತಂಡ ಎರಡು ಕೆನಾಲುಗಳ ಬಾಯಿಯ ನಡುವಿನ ಗೆರೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಸ್ವಲ್ಪ ಸ್ವಲ್ಪವೇ ಕೆರೆದು ಹುಡುಕಿತ್ತು. ಕೆರೆಯುವ ಮೊದಲು ಅಲ್ಲಿ ಕಂಡದ್ದು ತೀರಾ ಕಡಿಮೆ. ಹಾಗಾಗಿ ಈ ವಿಷಯದಲ್ಲಿ ಯಾವುದೇ ಶೇಕಡಾವಾರು ಲೆಕ್ಕ ನೋಡಿದಾಗ ನಾನು ಮೊದಲು ಕೇಳುವುದು ಒಂದೇ: ಏನಿಟ್ಟುಕೊಂಡು ನೋಡಿದರು? ಬರಿಗಣ್ಣೋ, ಎಕ್ಸ್‌ರೇಯೋ, ಕಿತ್ತ ಹಲ್ಲಿಗೆ ಬಣ್ಣ ತುಂಬಿಯೋ, ಸ್ಕ್ಯಾನೋ? "ಇಷ್ಟು ಇವೆ" ಅನ್ನುವ ಅಂಕಿಗಳೆಲ್ಲ ನಿಜಕ್ಕೂ "ಇಷ್ಟು ಕಂಡವು" ಅನ್ನುವ ಅಂಕಿಗಳು.

ವಯಸ್ಸೂ ಇದರಲ್ಲಿ ಕೈಯಾಡಿಸುತ್ತದೆ. ಶೇಕಡಾ 20 ಅಂದ ವರದಿಯನ್ನೇ ಬಿಡಿಸಿ ನೋಡಿದರೆ, 20 ವರ್ಷದವರೆಗಿನವರಲ್ಲಿ ನಡುಕೆನಾಲ್ ಶೇಕಡಾ 32. 40 ದಾಟಿದವರಲ್ಲಿ ಶೇಕಡಾ 4ರ ಆಸುಪಾಸು. ಕಾರಣ ಹಲ್ಲು ಬೆಳೆಯುವ ರೀತಿಯಲ್ಲಿದೆ. ಹಲ್ಲು ಬಾಯಿಗೆ ಬಂದಾಗ ಬೇರು ಇನ್ನೂ ಪೂರ್ತಿ ಆಗಿರುವುದಿಲ್ಲ. ಅದು ಮುಗಿಯಲು ಇನ್ನೂ ಮೂರು ವರ್ಷ ಬೇಕು. ಮುಂದಿನ ಬೇರಿನೊಳಗೆ ಮೊದಲು ಇರುವುದು ಚಪ್ಪಟೆಯಾದ ಒಂದೇ ಅಗಲ ಟೊಳ್ಳು, ಪಟ್ಟಿಯ ಹಾಗೆ. ಒಳಗೋಡೆಗೆ ವರ್ಷ ವರ್ಷ ಡೆಂಟಿನ್, ಅಂದರೆ ಹಲ್ಲಿನ ಗಟ್ಟಿ ಒಳಪದರ, ಮೆತ್ತಿಕೊಳ್ಳುತ್ತಾ ಬರುತ್ತದೆ. ಪಟ್ಟಿಯ ಎರಡು ತುದಿಗಳು ಕೆನಾಲ್ ಆಗಿ ಉಳಿಯುತ್ತವೆ. ನಡುಭಾಗ ಕಿರಿದಾಗಿ ಸಂದಾಗುತ್ತದೆ. ಆ ಸಂದಿನಲ್ಲಿ ಒಂದು ಕಡೆ ಮುಚ್ಚದೆ ಉಳಿದರೆ ಅದೇ ನಡುಕೆನಾಲ್. ವಯಸ್ಸಾದಂತೆ ಅದೂ ಮುಚ್ಚಿಕೊಳ್ಳುತ್ತದೆ, ಅಥವಾ ಕಾಣದಷ್ಟು ಸಣ್ಣದಾಗುತ್ತದೆ. ಒಂದೇ ಹಲ್ಲನ್ನು 18ರಲ್ಲಿ ತೆರೆದರೆ ಒಂದು ನಕ್ಷೆ, 50ರಲ್ಲಿ ತೆರೆದರೆ ಇನ್ನೊಂದು.

ಇನ್ನು ಬೇರಿನ ಲೆಕ್ಕ. ಕೆಲವರಿಗೆ ಈ ಹಲ್ಲಿಗೆ ಎರಡರ ಬದಲು ಮೂರು ಬೇರು ಇರುತ್ತವೆ. ಮೂರನೆಯದು ಹಿಂಭಾಗದಲ್ಲಿ, ನಾಲಿಗೆ ಕಡೆ. ಸಣ್ಣದು. ಸುಮಾರಾಗಿ ಕೊಕ್ಕೆಯ ಹಾಗೆ ಕೆನ್ನೆ ಕಡೆಗೆ ಬಾಗಿರುತ್ತದೆ. 1844ರಲ್ಲೇ ಕರಬೆಲ್ಲಿ ಎಂಬುವರು ಇದನ್ನು ಗುರುತಿಸಿದ್ದರು. ದಂತವೈದ್ಯರು ಇದನ್ನು ಕರೆಯುವುದು ರೇಡಿಕ್ಸ್ ಎಂಟೊಮೊಲಾರಿಸ್ ಎಂದು. ಯುರೋಪ್ ಮೂಲದವರಲ್ಲಿ ನೂರಕ್ಕೆ ನಾಲ್ಕೈದು ಮೀರುವುದಿಲ್ಲ, ಆಫ್ರಿಕದವರಲ್ಲಿ ಇನ್ನೂ ಕಡಿಮೆ. ಚೀನಾ, ತೈವಾನ್, ಜಪಾನ್ ಕಡೆ, ಅಮೆರಿಕದ ಮೂಲನಿವಾಸಿಗಳ ಕೆಲವು ಗುಂಪುಗಳಲ್ಲಿ ಇದು ನೂರಕ್ಕೆ ಇಪ್ಪತ್ತು ಮೂವತ್ತು ದಾಟುತ್ತದೆ. ಅಲ್ಲಿ ಇದನ್ನು ಅಸಹಜ ಅಂದರೆ ನಗುತ್ತಾರೆ.

ಇಲ್ಲಿ ಹಲ್ಲಿನ ಡಾಕ್ಟರುಗಳ ವಿಷಯ ಪುರಾತತ್ವದವರ ಅಂಗಳಕ್ಕೆ ಹೋಗುತ್ತದೆ. 1971ರಲ್ಲಿ ಕ್ರಿಸ್ಟಿ ಟರ್ನರ್ ಎಂಬ ಮಾನವಶಾಸ್ತ್ರಜ್ಞ ಈ ಮೂರನೇ ಬೇರನ್ನೇ ಸುಳಿವಾಗಿ ಹಿಡಿದು, ಏಷ್ಯಾದಿಂದ ಅಮೆರಿಕಕ್ಕೆ ಜನ ಹೇಗೆ ವಲಸೆ ಹೋದರು ಅಂತ ವಾದ ಮಂಡಿಸಿದರು. 1980ರಲ್ಲಿ ಟಿಬೆಟ್ ಪ್ರಸ್ಥಭೂಮಿಯ ಅಂಚಿನ ಶಿಯಾಹೆ ಎಂಬಲ್ಲಿ, ಗುಹೆಯೊಂದರಲ್ಲಿ ಒಬ್ಬ ಬೌದ್ಧ ಸನ್ಯಾಸಿಗೆ ಅರ್ಧ ದವಡೆ ಸಿಕ್ಕಿತ್ತು. ಅದು ಕನಿಷ್ಠ 1,60,000 ವರ್ಷ ಹಳೆಯದು, ಡೆನಿಸೋವನ್ ಎಂಬ ಅಳಿದುಹೋದ ಮಾನವರದ್ದು ಅಂತ 2019ರಲ್ಲಿ ಗೊತ್ತಾಯಿತು. ಅದರ ಒಂದು ದವಡೆ ಹಲ್ಲಿಗೆ ಮೂರು ಬೇರು! ಇವತ್ತಿನ ಏಷ್ಯಾದವರಿಗೆ ಮೂರನೇ ಬೇರು ಬಂದದ್ದು ಡೆನಿಸೋವನ್ನರಿಂದಲೇ ಇರಬೇಕು ಅಂತ ಶಾರಾ ಬೇಯ್ಲಿ ಮತ್ತು ಜೊತೆಗಾರರು ಬರೆದರು. ಆ ಬೇರು ಇರುವ ಜಾಗವೇ ಬೇರೆ, ಎರಡನ್ನೂ ಒಂದೇ ಅನ್ನಬೇಡಿ ಅಂತ ಇನ್ನೊಂದು ತಂಡ ಮರುವರ್ಷವೇ ತಗಾದೆ ತೆಗೆಯಿತು. ನನಗೆ ಎರಡನೆಯವರ ವಾದವೇ ಗಟ್ಟಿ ಅನ್ನಿಸುತ್ತದೆ. ಒಂದೇ ಒಂದು ದವಡೆ ಇಟ್ಟುಕೊಂಡು ಅಷ್ಟು ದೂರ ಹಾರಬಾರದು.

ಎರಡನೇ ದವಡೆ ಹಲ್ಲಿನದು ಇನ್ನೊಂದು ಬಗೆಯ ತಲೆನೋವು. ಹನ್ನೆರಡು ಹದಿಮೂರು ವರ್ಷಕ್ಕೆ ಬರುವ ಹಲ್ಲಿದು. ಕೆಲವರಲ್ಲಿ ಇದರ ಬೇರುಗಳು ಬೇರೆ ಬೇರೆಯಾಗದೆ ಒಂದು ಪಕ್ಕದಲ್ಲಿ ಅಂಟಿಕೊಂಡೇ ಉಳಿಯುತ್ತವೆ. ಬೇರನ್ನು ರೂಪಿಸುವ ತೆಳು ಪೊರೆ ಸರಿಯಾಗಿ ಕೂಡಿಕೊಳ್ಳದೆ ಹೋದರೆ ಹೀಗಾಗುತ್ತದೆ. ಆಗ ಒಳಗೆ ದುಂಡನೆಯ ಕೆನಾಲುಗಳ ಬದಲು ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದ ಒಂದು ಸೀಳು ಇರುತ್ತದೆ. 1979ರಲ್ಲಿ ಕುಕ್ ಮತ್ತು ಕಾಕ್ಸ್ ಇದನ್ನು ಮೊದಲು ವಿವರಿಸಿದರು. ಚೀನಾ, ಕೊರಿಯಾದಲ್ಲಿ ಮೂರರಲ್ಲಿ ಒಂದು ಹಲ್ಲು ಹೀಗಿರುತ್ತದೆ. 2010ರಲ್ಲಿ ಭಾರತೀಯರ 345 ಹಲ್ಲುಗಳನ್ನು ನೋಡಿದ ಅಧ್ಯಯನದಲ್ಲಿ ಶೇಕಡಾ 7.5ರಷ್ಟು ಕಂಡವು. ಫೈಲ್ ಅನ್ನುವ ಸೂಜಿಯಂಥ ಉಪಕರಣ ದುಂಡಗೆ ತಿರುಗುತ್ತದೆ. ಸೀಳಿನ ಮೂಲೆಗೆ ಅದು ಮುಟ್ಟುವುದಿಲ್ಲ. ಮುಟ್ಟಿಸಲು ಜಾಸ್ತಿ ಕೆರೆದರೆ, ಸೀಳಿನ ಒಳಬಾಗಿನಲ್ಲಿ ಗೋಡೆ ತೀರಾ ತೆಳು, ತೂತು ಬಿದ್ದೇ ಹೋಗಬಹುದು. ಸಾಲದ್ದಕ್ಕೆ ತುಟಿ ಗಲ್ಲಕ್ಕೆ ಹೋಗುವ ನರ ಈ ಹಲ್ಲಿನ ಬೇರಿನ ತುದಿಗೆ ತೀರಾ ಹತ್ತಿರದಲ್ಲಿ ಹಾಯುತ್ತದೆ.

"ಭಾರತೀಯರಲ್ಲಿ ಇಷ್ಟು" ಅನ್ನುವ ಮಾತಿನ ಬಗ್ಗೆ ಒಂದು ತಕರಾರು ಇದೆ. ಕುಶಾಲನಗರದ ಒಂದು ಕ್ಲಿನಿಕ್ ನೆನೆಸಿಕೊಳ್ಳಿ. ಕಾಯುವ ಬೆಂಚಿನ ಮೇಲೆ ಕೊಡಗಿನವರೊಬ್ಬರು, ಪಿರಿಯಾಪಟ್ಟಣದ ರೈತರೊಬ್ಬರು, ಪಕ್ಕದ ಬೈಲಕುಪ್ಪೆಯ ಟಿಬೆಟನ್ ಅಜ್ಜಿ. ಮೂವರಿಗೂ ಒಂದೇ ಸರಾಸರಿ ಹಿಡಿದು ಕೂತರೆ ಹೇಗೆ? ಬೆಂಗಳೂರಿನ ಮಟ್ಟಿಗೂ ಇದೇ ಮಾತು. ಯಾರ ಪೂರ್ವಜರು ಎಲ್ಲಿಂದ ಬಂದರು ಎನ್ನುವುದು ಡಾಕ್ಟರಿಗೆ ಎಲ್ಲಿ ನೋಡಬೇಕು ಅಂತ ಸೂಚನೆ ಕೊಡಬಹುದು. ಆ ಬಾಯಲ್ಲಿ ಏನಿದೆ ಅಂತ ಹೇಳಲಾರದು.

ಹಾಗಾದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಾ? ಕಾಣುತ್ತದೆ, ನೆರಳು ಕಂಡ ಹಾಗೆ. ಎಕ್ಸ್‌ರೇ ಚಪ್ಪಟೆ ಚಿತ್ರ. ಕೆನ್ನೆ ಕಡೆಯದೂ ನಾಲಿಗೆ ಕಡೆಯದೂ ಒಂದರ ಮೇಲೊಂದು ಬಿದ್ದು ಒಂದೇ ಆಗಿ ಕಾಣುತ್ತವೆ. ರಸ್ತೆ ಬದಿಯ ಎರಡು ಲೈಟುಕಂಬಗಳು ಒಂದರ ಹಿಂದೆ ಒಂದು ಬಂದರೆ ಒಂದೇ ಕಂಬ ಅನ್ನಿಸುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಎರಡಾಗುತ್ತವೆ. ಅದಕ್ಕೇ ತಿಳಿದ ಡಾಕ್ಟರು ನೇರ ಒಂದು, ಓರೆಯಾಗಿ ಒಂದು ಎಕ್ಸ್‌ರೇ ತೆಗೆಯುತ್ತಾರೆ. ಬಿಲ್ಲಿನಲ್ಲಿ ಎರಡನೇ ಎಕ್ಸ್‌ರೇ ಕಂಡಾಗ ಸುಮ್ನೆ ದುಡ್ಡು ಕಿತ್ತರು ಅಂತ ಗೊಣಗುವವರಲ್ಲಿ ನಾನೂ ಒಬ್ಬನಾಗಿದ್ದೆ.

ಆಮೇಲೆ ಸಿಬಿಸಿಟಿ ಬಂತು. ಹಲ್ಲನ್ನು ಮೂರು ಆಯಾಮದಲ್ಲಿ ತೋರಿಸುವ ಸ್ಕ್ಯಾನ್. ಅಡ್ಡಲಾಗಿ ಕತ್ತರಿಸಿದ ಬದನೆಕಾಯಿ ಬಿಲ್ಲೆಗಳಂತೆ ಬೇರಿನ ಒಂದೊಂದು ಪದರವನ್ನೂ ನೋಡಬಹುದು. ಅಮೆರಿಕದ ಎಂಡೋಡಾಂಟಿಸ್ಟರ (ರೂಟ್ ಕೆನಾಲ್ ತಜ್ಞರ) ಸಂಘ ಮತ್ತು ದಂತ ರೇಡಿಯಾಲಜಿ ಅಕಾಡೆಮಿ 2015ರಲ್ಲಿ ಸೇರಿ ಹೇಳಿದ್ದು: ಮೊದಲು ಮಾಮೂಲಿ ಎಕ್ಸ್‌ರೇ ತೆಗೆಯಿರಿ, ಹೆಚ್ಚಿನ ಕೆನಾಲ್ ಇರಬಹುದು, ಒಳರಚನೆ ಜಟಿಲ ಅನ್ನಿಸಿದರೆ ಸಣ್ಣ ಜಾಗದ ಸಿಬಿಸಿಟಿ ಸೂಕ್ತ. ಎಲ್ಲರಿಗೂ ಮಾಡಿ ಅಂತ ಅವರು ಹೇಳಿಲ್ಲ. ವಿಕಿರಣ ಎಕ್ಸ್‌ರೇಗಿಂತ ಜಾಸ್ತಿ, ಖರ್ಚೂ ಜಾಸ್ತಿ. ಯಂತ್ರಕಲಿಕೆಯವರೂ ಇಲ್ಲಿ ಕಾಲಿಟ್ಟಿದ್ದಾರೆ. 2019ರಲ್ಲಿ ಜಪಾನಿನ ತಂಡವೊಂದು 760 ಕೆಳದವಡೆ ಹಲ್ಲುಗಳನ್ನು ತೆಗೆದುಕೊಂಡಿತು. ಇಡೀ ಬಾಯಿಯ ಮಾಮೂಲಿ ಎಕ್ಸ್‌ರೇ ನೋಡಿ ಹಿಂದೆ ಹೆಚ್ಚಿನ ಬೇರಿದೆಯಾ ಅಂತ ಹೇಳಲು ಕಂಪ್ಯೂಟರಿಗೆ ಕಲಿಸಿತು. ಅದು ಶೇಕಡಾ 87ರಷ್ಟು ಸರಿ ಹೇಳಿತು. ಅನುಭವಿ ರೇಡಿಯಾಲಜಿಸ್ಟರು ಶೇಕಡಾ 81. ಆ ಹಲ್ಲುಗಳಲ್ಲಿ ಐದರಲ್ಲೊಂದಕ್ಕೆ ನಿಜಕ್ಕೂ ಹೆಚ್ಚಿನ ಬೇರಿತ್ತು. ಜಪಾನಿನ ದವಡೆಗಳ ಮೇಲೆ ಕಲಿತ ಯಂತ್ರ ಹಾವೇರಿಯ ದವಡೆಗೆ ಎಷ್ಟು ಸರಿ ಹೇಳುತ್ತದೆ ಎನ್ನುವುದು ಬೇರೆ ಪ್ರಶ್ನೆ.

ಒಂದು ಕೆನಾಲ್ ಬಿಟ್ಟುಹೋದರೆ ಏನಾಗುತ್ತದೆ? ಅಲ್ಲಿ ಸತ್ತ ತಿರುಳು ಉಳಿಯುತ್ತದೆ. ಬ್ಯಾಕ್ಟೀರಿಯಾಗಳಿಗೆ ಬಾಡಿಗೆಯಿಲ್ಲದ ಮನೆ. ರಕ್ತದ ಹರಿವು ಇಲ್ಲದ ಜಾಗ, ಹಾಗಾಗಿ ನುಂಗಿದ ಆಂಟಿಬಯೋಟಿಕ್ ಅಲ್ಲಿಗೆ ತಲುಪುವುದಿಲ್ಲ. ಬ್ಯಾಕ್ಟೀರಿಯಾಗಳು ಬಿಡುವ ವಿಷ ಬೇರಿನ ತುದಿಯಿಂದ ಹೊರಬಂದು ನಿಧಾನಕ್ಕೆ ಮೂಳೆ ಸವೆಸುತ್ತದೆ. 2016ರಲ್ಲಿ ಅಮೆರಿಕದ ಕರಬುಜಾಕ್ ತಂಡ ರೂಟ್ ಕೆನಾಲ್ ಆದ ಹಲ್ಲುಗಳ ಸಿಬಿಸಿಟಿ ನೋಡಿತು. ಸುಮಾರು ಶೇಕಡಾ 23ರಲ್ಲಿ ಒಂದಾದರೂ ಕೆನಾಲ್ ಬಿಟ್ಟುಹೋಗಿತ್ತು. ಅಂಥ ಹಲ್ಲುಗಳ ಬೇರಿನ ತುದಿಯಲ್ಲಿ ಸೋಂಕಿನ ಗುರುತು ಇರುವ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚು. ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲಿ ಹೆಚ್ಚು ಸಿಕ್ಕಿಬಿದ್ದದ್ದು ಮೇಲಿನ ದವಡೆ ಹಲ್ಲುಗಳು. ಜೊತೆಗೆ ತೊಂದರೆ ಇದ್ದವರೇ ತಾನೇ ಸ್ಕ್ಯಾನ್ ಮಾಡಿಸುವುದು? ಎಲ್ಲರ ಬಾಯಲ್ಲೂ ಇದೇ ಲೆಕ್ಕ ಇರಬೇಕಿಲ್ಲ.

ಸಿಕ್ಕ ಕೆನಾಲನ್ನೂ ಫೈಲ್ ಪೂರ್ತಿ ಮುಟ್ಟುವುದಿಲ್ಲ ಎಂಬುದು ಇನ್ನೊಂದು ಸತ್ಯ. 2001ರಲ್ಲಿ ಓವ್ ಪೀಟರ್ಸ್ ತಂಡ ಮೇಲಿನ ದವಡೆ ಹಲ್ಲುಗಳನ್ನು ಸೂಕ್ಷ್ಮ ಸ್ಕ್ಯಾನಿನಲ್ಲಿ ನೋಡಿದಾಗ, ಯಾವ ಬಗೆಯ ಫೈಲ್ ಹಾಕಿದರೂ ಗೋಡೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುಟ್ಟದೆ ಉಳಿದಿತ್ತು. ಅದಕ್ಕೇ ಸೋಡಿಯಂ ಹೈಪೋಕ್ಲೋರೈಟ್ ಹಾಕಿ ಮತ್ತೆ ಮತ್ತೆ ತೊಳೆಯುವುದು. ಬಾಯಲ್ಲಿ ಈಜುಕೊಳದ ವಾಸನೆ ಬರುತ್ತದಲ್ಲ, ಅದೇ. ಫೈಲ್ ದಾರಿ ಮಾಡಿಕೊಡುತ್ತದೆ, ಸಂದುಗೊಂದುಗಳನ್ನು ತೊಳೆಯುವ ಕೆಲಸ ಈ ದ್ರವದ್ದು. ಎಂಜಲು ಹಲ್ಲಿನೊಳಗೆ ಹೋಗದಂತೆ ರಬ್ಬರ್ ಹಾಳೆ ಕಟ್ಟಿ, ಸಮಯ ಕೊಟ್ಟು ತೊಳೆಯುವವರ ಬಗ್ಗೆ ನನಗೆ ಗೌರವ ಜಾಸ್ತಿ. ಹೊಳೆಯುವ ಯಂತ್ರಗಳನ್ನು ನೋಡಿ ಮರುಳಾಗಬೇಕಿಲ್ಲ.

ಹುಡುಕುವುದಕ್ಕೂ ಒಂದು ಮಿತಿ ಇದೆ, ಅಲ್ವಾ? ಇದೇ ಈಗ ವೈದ್ಯರ ನಡುವೆ ನಡೆಯುತ್ತಿರುವ ಜಗಳ. ನಡುಕೆನಾಲ್ ಹುಡುಕಲು ಒಂದೆರಡು ಮಿಲಿಮೀಟರ್ ಕೆರೆಯಬೇಕು. ಮುಂದಿನ ಬೇರಿನ ಹಿಂಗೋಡೆ, ಎರಡು ಬೇರುಗಳು ಕವಲಾಗುವ ಕಡೆಯದು, ಮೊದಲೇ ತೆಳು. ಅಲ್ಲಿ ತೂತಾದರೆ ಹಲ್ಲು ಉಳಿಯುವುದೇ ಅನುಮಾನ. ತೂತಾಗದಿದ್ದರೂ ಗೋಡೆ ತೆಳುವಾದ ಹಲ್ಲು ಮುಂದೆ ಬಿರುಕು ಬಿಡಬಹುದು. ಸಿಕ್ಕ ನಡುಕೆನಾಲುಗಳಲ್ಲಿ ಹೆಚ್ಚಿನವು ಪಕ್ಕದ ಕೆನಾಲಿಗೇ ಹೋಗಿ ಸೇರುತ್ತವೆ. ಪೊಮೆರಾನ್ಜ್ ಕಂಡ 12ರಲ್ಲಿ ಪೂರ್ತಿ ಸ್ವತಂತ್ರವಾಗಿದ್ದದ್ದು ಎರಡೇ. ಉಳಿದವನ್ನು ದ್ರವವೇ ತೊಳೆಯುತ್ತದೆ, ಅಷ್ಟಕ್ಕಾಗಿ ಹಲ್ಲು ಕೊರೆಯಬೇಡಿ ಅನ್ನುವುದು ಒಂದು ಪಕ್ಷ. ಸೋಂಕಿದ್ದರೆ ಏನನ್ನೂ ಬಿಡುವಂತಿಲ್ಲ ಅನ್ನುವುದು ಇನ್ನೊಂದು. ನಾನು ಮೊದಲನೆಯವರ ಕಡೆ ಸ್ವಲ್ಪ ವಾಲುತ್ತೇನೆ. ಮೈಕ್ರೋಸ್ಕೋಪಿನಲ್ಲಿ ನೋಡಲಿ, ಎಳೆ ಸಿಕ್ಕರೆ ಹಿಡಿದು ಹೋಗಲಿ. ಎಳೆಯೇ ಇಲ್ಲದ ಕಡೆ ಅಗೆಯುವುದು ಬೇಡ.

ಹಿಂದಿನ ಬೇರಿನ ಎರಡನೇ ಕೆನಾಲಿನ ವಿಷಯದಲ್ಲಿ ಈ ಜಗಳವಿಲ್ಲ. ಅದನ್ನು ಹುಡುಕಲೇಬೇಕು, ಹುಡುಕುವುದೂ ಅಷ್ಟು ಕಷ್ಟವಲ್ಲ. 2004ರಲ್ಲಿ ಕ್ರಾಸ್ನರ್ ಮತ್ತು ರ್‍ಯಾಂಕೋ 500 ಹಲ್ಲುಗಳ ತಿರುಳಿನ ಕೋಣೆಯನ್ನು ನೋಡಿ ಕೆಲವು ನಿಯಮ ಕೊಟ್ಟರು. ಕೋಣೆಯ ನೆಲ ಗೋಡೆಗಿಂತ ಗಾಢ ಬಣ್ಣದ್ದು. ಕೆನಾಲಿನ ಬಾಯಿ ಸಿಗುವುದು ನೆಲ ಗೋಡೆ ಸೇರುವ ಮೂಲೆಗಳಲ್ಲಿ. ಮುಂದಿನಿಂದ ಹಿಂದಕ್ಕೆ ನಟ್ಟನಡುವೆ ಗೆರೆ ಎಳೆದುಕೊಳ್ಳಿ. ಹಿಂದಿನ ಕೆನಾಲಿನ ಬಾಯಿ ಆ ಗೆರೆಯ ಮೇಲೇ ಇದ್ದರೆ ಅದೊಂದೇ ಇರಬಹುದು. ಗೆರೆಯಿಂದ ಒಂದು ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕದಲ್ಲಿ ಜೊತೆಗಾರ ಕಾದಿದ್ದಾನೆ ಅಂತಲೇ ಅರ್ಥ. ಯಂತ್ರ ಬೇಡ, ಕಣ್ಣು ಮತ್ತು ತಾಳ್ಮೆ ಸಾಕು. ನನ್ನ ಹಲ್ಲಿನಲ್ಲಿ ಆಗಿದ್ದೂ ಇಷ್ಟೇ. ಮೊದಲ ಸಲ ತೆರೆದ ಜಾಗ ತ್ರಿಕೋನವಾಗಿತ್ತಂತೆ, ಮೂರು ಕೆನಾಲಿಗೆ ಹೇಳಿ ಮಾಡಿಸಿದ ಹಾಗೆ. ನಾಲ್ಕನೆಯದು ತ್ರಿಕೋನದ ಹೊರಗೆ, ಒಂದು ಸಣ್ಣ ಅಂಚಿನ ಕೆಳಗೆ ಅಡಗಿತ್ತು.

ಹಳೆಯ ಕ್ಯಾಪ್ ಒಡೆದು, ತುಂಬಿದ್ದನ್ನು ಕರಗಿಸಿ ತೆಗೆದು, ಎರಡು ಸಲ ಕೂತು ಮುಗಿಸಿದರು. ಗುಳ್ಳೆ ಮೂರು ವಾರದಲ್ಲಿ ಒಣಗಿತು. ಮೂಳೆ ತುಂಬಿಕೊಳ್ಳಲು ವರ್ಷವೇ ಬೇಕಂತೆ. ಹೊರಡುವಾಗ ಡಾಕ್ಟರು ಎಕ್ಸ್‌ರೇಗಳನ್ನೆಲ್ಲ ಫೋನಿಗೆ ಕಳಿಸಿ, ಅಳಿಸಬೇಡಿ ಅಂದರು. "ಒಂದು ಕಡೆ ಹೀಗಿದ್ದರೆ ಇನ್ನೊಂದು ಕಡೆಯೂ ಹೀಗೇ ಇರುವುದು ಮಾಮೂಲು ಸರ್. ಬಲಗಡೆಯದಕ್ಕೆ ಯಾವತ್ತಾದರೂ ತೊಂದರೆ ಬಂದರೆ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ತೋರಿಸಿ." ಬಲಗಡೆಯ 46ರಲ್ಲಿ ಸಣ್ಣ ಕಪ್ಪು ಚುಕ್ಕೆ ಆಗಲೇ ಇತ್ತು. ಮರುದಿನವೇ ಹೋಗಿ ತುಂಬಿಸಿಕೊಂಡು ಬಂದೆ.